ಕುದಿಸದ ನೀರು, ಕುದಿಸಿದ ನೀರು

ಗಡಹಿಂಗ್ಲಜದ ನಮ್ಮ ಮನೆಗೆ ಬಂದ ನೆಂಟರು “ಮಗಳು ಕೊಲ್ಹಾಪುರದಾಗ ಏನ ಕೆಲಸ ಮಾಡ್ತಾಳ?” ಎಂದು ಕೇಳಿದರೆ ನಮ್ಮವ್ವ ಪೇಚಿಗೆ ಬೀಳುತ್ತಿದ್ದಳು. ಮಾಸ್ತರಿಕೆ ಎಂದರೆ ಸುಳ್ಳಾಗುತ್ತಿತ್ತು. ಕಾರಕೂನಿಕೆ ಎಂದರೆ ಅವಳಿಗೇ ಮನಸ್ಸು ಬರುತ್ತಿರಲಿಲ್ಲ. ಕಡೆಗೆ ಅವಳೇ ಒಂದು ಉತ್ತರ ಹೊಂದಿಸಿಕೊಂಡಳು: “ಸರಕಾರದವರು ಬರದದ್ದು ಮಂದಿಗೆ ತಿಳೀತೈತೋ ಇಲ್ಲೋ ನೋಡಿ ಹೇಳ್ತಾಳ್ರಿ.” ಕೇಳಿದವರು ನಗುತ್ತಿದ್ದರು. “ಅದಕ್ಕೂ ಪಗಾರ ಕೊಡ್ತಾರೇನ್ರಿ?”

ಕೊಡುತ್ತಿದ್ದರು. ನನ್ನ ಕೆಲಸವನ್ನು ನಮ್ಮವ್ವನಷ್ಟು ಸರಿಯಾಗಿ ಯಾರೂ ವಿವರಿಸಲಿಲ್ಲ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ಯಾವ ಲೆಕ್ಕ ಹಾಕುತ್ತಿದ್ದಿರಿ, ಯಾವ ಪರೀಕ್ಷೆ ಕೊಡುತ್ತಿದ್ದಿರಿ ಎಂದು ಕೇಳುತ್ತಾರೆ. ಹೇಳುತ್ತೇನೆ. ಆದರೆ ಒಂದು ಮಾತು ಅವರು ಕೇಳುವುದಿಲ್ಲ. ಅಚ್ಚಾದ ಕಾಗದದ ಕಟ್ಟು ಪ್ರೆಸ್ಸಿನಿಂದ ಹೊರಬಿದ್ದ ಮೇಲೆ ಒಂದು ಅಳುಕು ಶುರುವಾಗುತ್ತದೆಯಲ್ಲ, ಅದರ ಬಗ್ಗೆ. ನಿವೃತ್ತಿಯ ದಿನದವರೆಗೂ ಅದು ನನ್ನನ್ನು ಬಿಡಲಿಲ್ಲ. ಆ ಅಳುಕು ಹುಟ್ಟಿದ್ದು ಹೇಗೆಂದು ಇಲ್ಲಿ ಬರೆದಿಡುತ್ತೇನೆ.

ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿ ಮುಗಿಸಿ, ಕೆಲಕಾಲ ಗಡಹಿಂಗ್ಲಜದ ಕನ್ನಡ ಶಾಲೆಯಲ್ಲಿ ಕಲಿಸಿದ್ದೆ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಕೊಲ್ಹಾಪುರದ ಒಂದು ಕಚೇರಿಯಿಂದ ಕರೆ ಬಂತು. ದೊಡ್ಡವರಿಗೆ ಅಕ್ಷರ ಕಲಿಸುವ, ಕಲಿತವರಿಗೆ ಓದಲು ಸಣ್ಣ ಸಣ್ಣ ಕಾಗದ, ಪುಸ್ತಕ ಮಾಡಿಕೊಡುವ ಕಚೇರಿ ಅದು. ಕೆಲಸವೆಲ್ಲ ಮರಾಠಿಯಲ್ಲೇ ನಡೆಯುತ್ತಿತ್ತು. ಗಡಹಿಂಗ್ಲಜ, ಶಿರೋಳದ ಕಡೆಯ ಹಳ್ಳಿಗಳಲ್ಲೂ ಇಚಲಕರಂಜಿಯ ಮಗ್ಗದವರ ಸಾಲುಮನೆಗಳಾದ ಚಾಳುಗಳಲ್ಲೂ ಕನ್ನಡದ ಮಂದಿ ಬಹಳ ಇದ್ದುದರಿಂದ ಮೂಲೆಯಲ್ಲಿ ಎರಡು ಮೇಜು ಹಾಕಿ ಕನ್ನಡಕ್ಕೂ ಜಾಗ ಮಾಡಿದ್ದರು. ಒಂದು ಮೇಜು ಇನಾಮದಾರ ಸಾಹೇಬರದು, ಇನ್ನೊಂದು ನನ್ನದು.

ಇನಾಮದಾರ ಸಾಹೇಬರು ಆ ಎರಡು ಮೇಜನ್ನು ಕಾಪಾಡಿಕೊಂಡ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಲಿನ ಸಾಹೇಬರು ತಿಂಗಳಿಗೊಮ್ಮೆಯಾದರೂ ನಮ್ಮ ಮೂಲೆಗೆ ಬಂದು “ಕಾನಡೀ ಪತ್ರಕ ಕಶಾಲಾ ಪಾಹಿಜೆ?” ಎಂದು ಕೇಳುತ್ತಿದ್ದರು. ಕನ್ನಡದ ಕರಪತ್ರ ಯಾಕೆ ಬೇಕು, ಈ ಮಂದಿಗೆ ಮರಾಠಿ ತಿಳಿಯುತ್ತದಲ್ಲ ಎಂದು. ಆಗೆಲ್ಲ ಇನಾಮದಾರ ಸಾಹೇಬರ ಕೈ ತಪಕೀರಿನ ಡಬ್ಬಿಯತ್ತ ಹೋಗುತ್ತಿತ್ತು. ನಶ್ಯ ಸೇದುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುವುದು, ಮುಚ್ಚುವುದು, ಅಷ್ಟೇ. ಆ ಟಿಕ್ ಟಿಕ್ ಸದ್ದು ಕೇಳಿದರೆ ಸಾಹೇಬರು ಅಂಜಿದ್ದಾರೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ಮೊದಲ ದಿನ ಅವರು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಕ್ಷಯರೋಗದ ಬಗ್ಗೆ ಬರೆದದ್ದು. “ಓದಿ, ತಿಳೀಲಾರದ್ದು ಏನದ ಹೇಳ್ರಿ.”

ನಾನು ಓದಿ, “ಎಲ್ಲಾ ತಿಳೀತ್ರಿ ಸರ್” ಎಂದೆ.

“ಅದಽ ತೊಂದರೆ” ಎಂದರು. “ನಂಗೂ ಎಲ್ಲಾ ತಿಳೀತು. ನಾವಿಬ್ಬರೂ ಈ ಕೆಲಸಕ್ಕ ಲಾಯಕ್ ಇಲ್ಲ. ಆದ್ರ ಬ್ಯಾರೆ ಯಾರೂ ಸಿಗಲಿಲ್ಲ, ಏನ ಮಾಡೂದು?”

ಅವರು ಮುಂಬಯಿಯಲ್ಲಿ ಒಂದು ತರಬೇತಿಗೆ ಹೋಗಿ ಬಂದಿದ್ದರು. ಅಲ್ಲಿಂದ ಒಂದು ಲೆಕ್ಕ ಕಲಿತು ತಂದಿದ್ದರು. ಬರಹದ ಒಂದು ತುಂಡು ತೆಗೆದುಕೊಳ್ಳಬೇಕು, ಒಂದು ವಾಕ್ಯಕ್ಕೆ ಎಷ್ಟು ಪದ, ಒಂದು ಪದಕ್ಕೆ ಎಷ್ಟು ಅಕ್ಷರ ಎಂದು ಎಣಿಸಬೇಕು, ಗುಣಿಸಿ ಕಳೆಯಬೇಕು. ಬಂದ ಅಂಕ ನೋಡಿದರೆ ಬರಹ ಸುಲಭವೋ ಕಠಿಣವೋ ತಿಳಿಯುತ್ತದೆ. ವಾಕ್ಯ ಗಿಡ್ಡ, ಪದ ಗಿಡ್ಡ ಇದ್ದಷ್ಟೂ ಸುಲಭ. ಇಂಗ್ಲಿಷಿಗೆ ಮಾಡಿದ ಲೆಕ್ಕವನ್ನು ಸಾಹೇಬರು ಕನ್ನಡಕ್ಕೆ ಹೊಂದಿಸಿದ್ದರು. ನಾನು ದಿನವಿಡೀ ಅಕ್ಷರ ಎಣಿಸುತ್ತಿದ್ದೆ. ಕಣ್ಣು ಮುಚ್ಚಿದರೆ ಒತ್ತಕ್ಷರಗಳು ಕಾಣುತ್ತಿದ್ದವು.

ಲೆಕ್ಕದ ಮೇಲೆ ನನಗೆ ಬೇಗನೆ ಅನುಮಾನ ಬಂತು. ‘ಬರಬೇಕಾಗಿತ್ತಲ್ಲ’ ಎಂಬುದು ಲೆಕ್ಕದ ಪ್ರಕಾರ ಬಲು ಕಠಿಣ ಪದ. ಅದನ್ನು ನಮ್ಮ ಮನೆಯ ದನ ಕಾಯುವವನೂ ದಿನಾ ಆಡುತ್ತಾನೆ. ‘ಕ್ಷಯ’ ಎಂಬುದು ಎರಡೇ ಅಕ್ಷರ. ಅದನ್ನು ಕಂಡರೆ ಕಲಿತವರೂ ತಡವರಿಸುತ್ತಾರೆ. ಹೀಗೆಂದು ಸಾಹೇಬರಿಗೆ ಹೇಳಿದೆ. ಅವರು ಒಪ್ಪಿದರು. ಒಪ್ಪಿ, “ಆದ್ರ ಬಾಯಾರ, ಮ್ಯಾಲಿನವರು ಕೇಳಿದಾಗ ತೋರಸಲಿಕ್ಕೆ ಒಂದು ಅಂಕಿ ಬೇಕು. ಅಂಕಿ ಇದ್ರ ನಮ್ಮ ಮೇಜು ಉಳೀತಾವ” ಎಂದರು. ಅದೂ ಸುಳ್ಳಾಗಿರಲಿಲ್ಲ.

ಅಂಕಿಯ ಜೊತೆಗೆ ಮನುಷ್ಯರನ್ನೂ ಕೇಳಿ ನೋಡೋಣ ಎಂದು ನಾನು ಹಟ ಹಿಡಿದೆ. ಸಾಹೇಬರು ಗೊಬ್ಬರದ ಒಂದು ಕರಪತ್ರ ಕೊಟ್ಟು ನನ್ನನ್ನು ಮಹಾಗಾಂವಕ್ಕೆ ಕಳಿಸಿದರು. ಅಲ್ಲಿ ಶಿವಲಿಂಗಪ್ಪ ಎಂಬ ರೈತರು, ನಮ್ಮಪ್ಪನ ಬೆಲ್ಲದ ವ್ಯಾಪಾರದ ಪರಿಚಯ. ವಯಸ್ಸಾದ ಮೇಲೆ ಓದಲು ಕಲಿತವರು. ಕಟ್ಟೆಯ ಮೇಲೆ ಕೂತು ಕರಪತ್ರವನ್ನು ಮೊದಲಿನಿಂದ ಕಡೆಯವರೆಗೆ ಗಟ್ಟಿಯಾಗಿ ಓದಿದರು.

“ತಿಳೀತೇನ್ರಿ ಅಜ್ಜಾರ?”

“ತಿಳೀತವಾ. ಭಾಳ ಚಲೋ ಬರದೀರಿ.”

ನಾನು ಹಿಗ್ಗಿ ಹೋದೆ. ಹೊರಡುವಾಗ ಸುಮ್ಮನೆ ಕೇಳಿದೆ: “ಹಂಗಾರ ಗೊಬ್ಬರ ಯಾವಾಗ ಹಾಕ್ತೀರಿ?” ಅವರು ಗೋಡೆ ನೋಡಿದರು, ಎತ್ತು ನೋಡಿದರು, ನನ್ನನ್ನು ನೋಡಿ ನಕ್ಕರು. ಅವರಿಗೆ ಒಂದು ಸಾಲೂ ತಿಳಿದಿರಲಿಲ್ಲ.

“ಮತ್ತ ತಿಳೀತು ಅಂದ್ರೆಲ್ರಿ?”

“ಬಿಸಿಲಾಗ ಇಷ್ಟು ದೂರ ಬಂದೀದಿ. ತಿಳೀಲಿಲ್ಲ ಅಂದ್ರ ನಿನಗ ಬ್ಯಾಸರಾ ಆಕ್ಕೇತಿ ಅಂತ ಅಂದ್ನಿ.”

ತಿಳಿಯಿತೇ ಎಂದು ಕೇಳಬಾರದು, ಈಗ ಏನು ಮಾಡುತ್ತೀರಿ ಎಂದು ಕೇಳಬೇಕು. ನಾನು ಕಲಿತ ಮೊದಲ ಪಾಠ ಅದು. ಮುಂದೆ ಯಾವ ಕಾಗದ ಬರೆದರೂ ಯಾರಿಗಾದರೂ ಓದಿಸಿ ಹೀಗೆ ಕೇಳುವ ರೂಢಿ ಮಾಡಿಕೊಂಡೆ. ಆ ರೂಢಿ ತಪ್ಪಿದ್ದು ಒಂದೇ ಸಲ.

ಅರವತ್ತರ ದಶಕದ ಮೊದಲ ಭಾಗದ ಒಂದು ಮಳೆಗಾಲದ ಆರಂಭ. ಇಚಲಕರಂಜಿಯ ಚಾಳುಗಳಲ್ಲಿ ಅಲ್ಲೊಂದು ಇಲ್ಲೊಂದು ವಾಂತಿಭೇದಿ ಕಾಣಿಸಿಕೊಂಡಿತು. ಹೊಸ ನೀರು ಬಂದು ಬಾವಿಗಳು ಕೆಂಪಾಗಿದ್ದವು. ಲಗುಬಗೆಯಿಂದ ಮರಾಠಿ ಕರಪತ್ರ ಹೊರಟಿತು. ಇನಾಮದಾರ ಸಾಹೇಬರು ಮೇಲಿನ ಸಾಹೇಬರ ಕೋಣೆಗೆ ಹೋಗಿ, ನಿಂತುಕೊಂಡೇ ವಾದ ಮಾಡಿ, ಕನ್ನಡದ ಕರಪತ್ರಕ್ಕೂ ಒಪ್ಪಿಗೆ ತಂದರು. “ಎರಡು ದಿನದಾಗ ಆಗಬೇಕು ಬಾಯಾರ. ತಡಾ ಆದ್ರ ನಮಗ ಮತ್ತ ಕೇಳೂ ಬಾಯಿ ಇರೂದಿಲ್ಲ.”

ಇಚಲಕರಂಜಿಯ ಒಂದು ಚಾಳಿನಲ್ಲಿ ನಾನು ಹೆಂಗಸರ ವರ್ಗ ನಡೆಸುತ್ತಿದ್ದೆ. ಮಧ್ಯಾಹ್ನ, ಗಂಡಸರು ಮಗ್ಗದ ಪಾಳಿಗೆ ಹೋದ ಮೇಲೆ. ಸುತ್ತಲಿನ ಶೆಡ್ಡುಗಳಲ್ಲಿ ಪಾವರಲೂಮಿನ ಖಟಖಟ ಎಷ್ಟಿರುತ್ತಿತ್ತೆಂದರೆ ‘ಅ’ ಎಂದದ್ದು ‘ಆ’ ಎಂದು ಕೇಳುತ್ತಿತ್ತು. ಆ ವರ್ಗದಲ್ಲಿ ಎಲ್ಲರಿಗಿಂತ ಚುರುಕು ಕಾಶವ್ವ. ಗೋಕಾಕದ ಕಡೆಯವಳು. ಗಂಡ ಮಗ್ಗ ನಡೆಸುತ್ತಿದ್ದ, ಇವಳು ಮನೆಯಲ್ಲೇ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತಿ ಕೊಡುತ್ತಿದ್ದಳು. ತೊಡೆಯ ಮೇಲೆ ಇನ್ನೂ ನಡೆಯಲು ಬಾರದ ಮಗಳು, ಪಕ್ಕದಲ್ಲಿ ಬರೆಯುವ ಪಾಟಿ. ಅತ್ತೆ ಸಂಗವ್ವನಿಗೆ ಈ ಓದು ಸೇರುತ್ತಿರಲಿಲ್ಲ. “ಓದಿ ಮಾಮಲೇದಾರ ಆಗ್ತಾಳಂತ” ಎಂದು ಬಾಗಿಲಲ್ಲಿ ಕೂತು ಅನ್ನುತ್ತಿದ್ದಳು.

ಆ ವರ್ಗದಲ್ಲೇ ಕರಪತ್ರ ಬರೆದೆ. ಹೆಂಗಸರ ಬಾಯಿಂದ ಬಂದ ಮಾತನ್ನೇ ಹಿಡಿದೆ: ‘ನೀರು ಕುದಿಸಿ, ಆರಿಸಿ ಕುಡಿಯಿರಿ. ಕುದಿಸಲಾರದ ನೀರು ಕುಡಿಯಬೇಡಿ.’ ಓದಿಸಿದೆ, ಏನು ಮಾಡುತ್ತೀರಿ ಎಂದು ಕೇಳಿದೆ, ಸರಿಯಾದ ಉತ್ತರ ಬಂತು. ಹಸ್ತಪ್ರತಿಯನ್ನು ಕೊಲ್ಹಾಪುರಕ್ಕೆ ಸಾಹೇಬರಿಗೆ ಕಳಿಸಿ, ನಾನು ಇಚಲಕರಂಜಿಯಲ್ಲೇ ಉಳಿದೆ.

ಕೊಲ್ಹಾಪುರದ ಪ್ರೆಸ್ಸಿನಲ್ಲಿ ಕನ್ನಡದ ದೊಡ್ಡ ಅಚ್ಚುಮೊಳೆಗಳು ಕಡಿಮೆ ಇದ್ದವು. ಹೊಸದಾಗಿ ಓದು ಕಲಿತವರಿಗೆ ದೊಡ್ಡಕ್ಷರವೇ ಬೇಕು. ಹಾಗಾಗಿ ಮಾತು ಕಡಿಮೆ ಮಾಡಬೇಕಾಯಿತು. ಅದೂ ಅಲ್ಲದೆ ‘ಕುದಿಸಲಾರದ’ ಎಂಬುದು ಸಾಹೇಬರಿಗೆ ಸರಿ ಕಾಣಲಿಲ್ಲ. ಪುಸ್ತಕದ ಕನ್ನಡದಲ್ಲಿ ಅದಕ್ಕೆ ‘ಕುದಿಸಲು ಆಗದ’ ಎಂದೇ ಅರ್ಥ. ಲೆಕ್ಕಕ್ಕೂ ಅದು ಉದ್ದ. ಅವರು ಕೂತು ತಿದ್ದಿದರು. ಕಟ್ಟು ನನ್ನ ಕೈಗೆ ಬಂದಾಗ ಕರಪತ್ರ ಹೀಗಿತ್ತು:

‘ಕುದಿಸದ ನೀರು ಬೇಡ. ತೆರೆದಿಟ್ಟ ತಿಂಡಿ ಬೇಡ. ನೊಣ ಕೂತ ಹಣ್ಣು ಬೇಡ. ವಾಂತಿಭೇದಿ ಆದರೆ ಕೂಡಲೆ ದವಾಖಾನೆಗೆ ಬನ್ನಿ.’

ಚೆನ್ನಾಗಿತ್ತು. ಲೆಕ್ಕ ಹಾಕಿದರೆ ನಮ್ಮ ಕಚೇರಿಯಿಂದ ಹೊರಟ ಯಾವ ಕಾಗದಕ್ಕೂ ಅಷ್ಟು ಒಳ್ಳೆಯ ಅಂಕ ಬಂದಿರಲಿಲ್ಲ. ಕಚೇರಿಯ ಜವಾನರು ಅದಾಗಲೇ ಚಾಳಿನ ಗೋಡೆಗಳಿಗೆ, ಶೆಡ್ಡಿನ ಬಾಗಿಲುಗಳಿಗೆ, ಕಾಯಿಪಲ್ಯದ ಪೇಟೆಗೆ ಅಂಟಿಸುತ್ತ ಹೊರಟಿದ್ದರು. ಹತ್ತಿರದ ಯಡ್ರಾವಕ್ಕೂ ಒಂದು ಕಟ್ಟು ಹೋಗಿತ್ತು. ತಿದ್ದಿದ ಮಾತನ್ನು ನಾನು ಮತ್ತೆ ಯಾರಿಗೂ ಓದಿಸಿ ನೋಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ವರ್ಗಕ್ಕೆ ಹೋದಾಗ ಪದ್ಮವ್ವ ನನಗಾಗಿ ಕಾಯುತ್ತ ನಿಂತಿದ್ದಳು. ಅವಳು ನಾಂದಣಿಯ ಕಡೆಯ ಜೈನರ ಹೆಂಗಸು, ಕಾಶವ್ವನ ಪಕ್ಕದ ಮನೆ. ಅಕ್ಷರ ಬಾರದು, ವರ್ಗಕ್ಕೂ ಬರುತ್ತಿರಲಿಲ್ಲ. ಮುಖ ಬಿಗಿದುಕೊಂಡಿದ್ದಳು.

“ಬಾಯಾರ, ಒಂದು ಮಾತು ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ನಮ್ಮ ಮನ್ಯಾಗ ನೀರ ಸೋಸಿ, ಕುದಿಸಿ ಕುಡಿಯೋದು ಹಿಂದಿನಿಂದ ಬಂದೈತ್ರಿ. ಅದು ನಮ್ಮ ಧರ್ಮ. ಸರಕಾರದವರು ಅದನ್ನ ಯಾಕ ಬ್ಯಾಡ ಅಂತಾರ?”

“ಯಾರು ಬ್ಯಾಡ ಅಂದ್ರು ಪದ್ಮವ್ವಾ?”

“ಕಾಗದ ಹಚ್ಚ್ಯಾರೆಲ್ರಿ. ಕಾಶವ್ವ ಓದಿ ಹೇಳಿದ್ಳು. ಕುದಿಸಿದ ನೀರ ಬ್ಯಾಡ ಅಂತ ಬರದೈತಂತ.”

ಚೀಲದಿಂದ ಒಂದು ಕರಪತ್ರ ತೆಗೆದು ಎದುರಿಗಿದ್ದ ಹೆಂಗಸಿನ ಕೈಗೆ ಕೊಟ್ಟೆ. ಅವಳು ಓದಿದಳು: “ಕುದಿಸಿದ ನೀರು ಬೇಡ.” ಇನ್ನೊಬ್ಬಳಿಗೆ ಕೊಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಹಿಡಿದಳು. “ಕು… ದಿ… ಸ… ದ.” ಸರಿಯಾಗಿಯೇ ಓದಿದಳು. “ಅಂದ್ರ ಏನ ಮಾಡಬೇಕವಾ?” ಎಂದೆ.

“ಕುದಸಬಾರದ್ರಿ. ಹಂಗಽ ಕುಡೀಬೇಕು.”

ಆಗ ನನಗೆ ಬೆಳಕಾಯಿತು. ನಮ್ಮ ಕಡೆ ಮಾತಿನಲ್ಲಿ ‘ಕುದಿಸದ’ ಎಂದು ಯಾರೂ ಅನ್ನುವುದಿಲ್ಲ. ‘ಕುದಿಸಲಾರದ’ ಎನ್ನುತ್ತಾರೆ. ಅವರ ಕಿವಿಗೆ ಗೊತ್ತಿದ್ದ ಪದ ‘ಕುದಿಸಿದ’ ಒಂದೇ. ‘ಸ’ವನ್ನು ‘ಸಿ’ ಮಾಡುವ ನಡುವಿನ ಗುಡಿಸು ಇಲ್ಲದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ, ಬಿದ್ದರೂ ಅದಕ್ಕೆ ಅರ್ಥ ಇರಲಿಲ್ಲ. ಮೇಲಾಗಿ ಕಟ್ಟಿಗೆ ತುಟ್ಟಿ, ಚಿಮಣಿ ಎಣ್ಣೆ ತುಟ್ಟಿ, ಕುದಿಸಿದ ನೀರಿಗೆ ರುಚಿ ಇಲ್ಲ. ಕುದಿಸುವುದು ಬೇಡ ಎಂದು ಸರಕಾರವೇ ಹೇಳಿದರೆ ಯಾರು ಅಲ್ಲ ಅಂತಾರೆ?

“ಕಾಶವ್ವ ಎಲ್ಲಿ?”

ಪದ್ಮವ್ವನೇ ಹೇಳಿದಳು. “ಮುಂಜಾನಿಂದ ಕೂಸಿಗೆ ವಾಂತಿ ಹತ್ಯಾವ್ರಿ. ದವಾಖಾನಿಗೆ ಒಯ್ದಾರ.”

ಅಲ್ಲಿದ್ದವರಿಗೆಲ್ಲ ಬಿಡಿಸಿ ಹೇಳಿದೆ: ಕುದಿಸಿಯೇ ಕುಡಿಯಬೇಕು, ಕಾಗದ ತಪ್ಪಾಗಿ ತಿಳಿಯಿತು, ಮನೆ ಮನೆಗೆ ಹೋಗಿ ಹೇಳಿ. ಪದ್ಮವ್ವ “ನಾ ಹೇಳ್ತೇನ್ರಿ, ನೀವು ಹೋಗ್ರಿ” ಎಂದಳು. ನಾನು ಸಿಕ್ಕ ಎಸ್.ಟಿ. ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೊರಟೆ. ಊರು ದಾಟುವವರೆಗೂ ಗೋಡೆಗಳ ಮೇಲೆ ನಮ್ಮ ಕಾಗದವೇ ಕಾಣುತ್ತಿತ್ತು. ಅಕ್ಷರ ದೊಡ್ಡದು, ಬಸ್ಸಿನಿಂದಲೂ ಓದಬಹುದಿತ್ತು. ಬಸ್ಸು ನಿಂತಲ್ಲೆಲ್ಲ ಇಳಿದು ಕಿತ್ತು ಬರಲೇ ಎನ್ನಿಸುತ್ತಿತ್ತು.

ಸಾಹೇಬರು ನನ್ನ ಮಾತು ಪೂರ್ತಿ ಕೇಳಿದರು. ಡಬ್ಬಿ ಕೈಗೆ ಬಂತು. ಟಿಕ್ ಟಿಕ್.

“ಕಾಗದ ತಪ್ಪಿಲ್ಲಲ್ಲ ಬಾಯಾರ? ವ್ಯಾಕರಣ ಸರಿ ಅದ.”

“ಸರಿ ಐತ್ರಿ.”

“ಎಲ್ಲಾರೂ ಹಂಗ ಓದಿರಲಿಕ್ಕಿಲ್ಲ. ನಿಮ್ಮ ವರ್ಗದಾಗಿನ ನಾಕು ಮಂದಿ ಇರಬೇಕು.”

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. ದನಿ ಇಳಿಸಿದರು. “ಈಗ ಇದನ್ನ ವಾಪಸ ತಗೊಂಡ್ರ ಮ್ಯಾಲಿನವರಿಗೆ ಗೊತ್ತಾಗತದ. ಕನ್ನಡ ಕಾಗದದಿಂದ ಅನಾಹುತ ಆತು ಅಂತಾರ. ಮೊದಲಽ ಕಾರಣ ಹುಡುಕಲಿಕ್ಕೆ ಹತ್ಯಾರ. ಈ ಎರಡು ಮೇಜು ಹೋದ್ರ ಆ ಮಂದಿಗೆ ಮತ್ತ ಒಂದು ಸಾಲೂ ಸಿಗೂದಿಲ್ಲ. ನೀವು ಹೋಗಿ ಬಾಯಿಂದ ಹೇಳಿ ಬರ್ರಿ. ಬರವಣಿಗಿ ಬ್ಯಾಡ.”

ಅವರು ತಮ್ಮ ನೌಕರಿಗೆ ಅಂಜಿ ಹೀಗೆಂದರು ಎಂದು ನಾನು ಬರೆದರೆ ಅನ್ಯಾಯವಾದೀತು. ಅವರು ಹೇಳಿದ್ದು ನಿಜವಾಗಿತ್ತು. ನನಗೂ ಅದೇ ಭಯ. ಆದರೂ ಕೇಳಿದೆ: “ಯಡ್ರಾವದಾಗ ಯಾರು ಹೇಳ್ತಾರ್ರಿ? ಪ್ಯಾಟ್ಯಾಗ ಓದಿ ಹೋದವರನ್ನ ಎಲ್ಲಿ ಹುಡುಕೋದು?”

ಅವರು ಕೋಟು ತೊಟ್ಟು ಡಬ್ಬಿಯನ್ನು ಅದರ ಜೇಬಿಗೆ ಹಾಕಿಕೊಂಡರು. “ನಡೀರಿ. ನಾನಽ ಕೇಳಿ ನೋಡ್ತೇನಿ.”

ಇಚಲಕರಂಜಿಯ ಬಸ್ ಸ್ಟ್ಯಾಂಡಿನ ಹೊರಗೆ ಒಂದು ಚಹದಂಗಡಿ. ಗೋಡೆಗೆ ನಮ್ಮ ಕಾಗದ. ಪಾಳಿ ಮುಗಿಸಿ ಬಂದ ಮಗ್ಗದವನೊಬ್ಬ, ತಲೆಯ ಮೇಲೆ ಹತ್ತಿಯ ದೂಳು, ಚಹ ಕುಡಿಯುತ್ತಿದ್ದ. ಸಾಹೇಬರು ಅವನ ಹತ್ತಿರ ಹೋಗಿ ನಮ್ರತೆಯಿಂದ, “ತಮ್ಮಾ, ಕನ್ನಡಕ ತರೋದು ಮರತೇನಿ. ಅದೇನ ಬರದದ ಹೇಳ್ತೀ?” ಎಂದರು. ಕನ್ನಡಕ ಅವರ ಜೇಬಿನಲ್ಲೇ ಇತ್ತು.

ಅವನು ಓದಿದ. “ಕುದಿಸಿದ ನೀರ ಬ್ಯಾಡಂತ್ರೀ. ಬ್ಯಾನಿ ಬರತೈತಂತ.”

ಬೇನೆಯ ಮಾತು ಆ ಸಾಲಿನಲ್ಲಿ ಇರಲೇ ಇಲ್ಲ. ತಾನೇ ಅರ್ಥ ಕೂಡಿಸಿಕೊಂಡಿದ್ದ. ಸಾಹೇಬರು ಇನ್ನೊಬ್ಬನನ್ನು ಕೇಳಿದರು. ಅವನು ಸರಿಯಾಗಿ ಓದಿದ. ಮತ್ತೊಬ್ಬ ತಪ್ಪು ಓದಿದ. ಸಾಹೇಬರು ಗೋಡೆಯ ಹತ್ತಿರ ಹೋಗಿ ಕಾಗದದ ಮೂಲೆಗೆ ಉಗುರು ಹಾಕಿ ಕಿತ್ತರು. ಮಳೆಗೆ ತೊಯ್ದಿತ್ತು, ಅರ್ಧವೇ ಬಂತು. ಉಳಿದರ್ಧ ಕೆರೆದು ತೆಗೆಯುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.

ದವಾಖಾನೆಯಲ್ಲಿ ಜಾಗ ಸಾಲದೆ ಪಡಸಾಲೆಯಲ್ಲೂ ಹಾಸಿಗೆ ಹಾಕಿದ್ದರು. ಕಾಶವ್ವನ ಮಗುವಿಗೆ ಸಲಾಯಿನ್ ಹಚ್ಚಿದ್ದರು. ಕಣ್ಣು ಒಳಗೆ ಹೋಗಿ ಮುಖ ಮುದುಕಿಯ ಮುಖದ ಹಾಗೆ ಕಾಣುತ್ತಿತ್ತು. ಕಾಶವ್ವ ನೆಲದ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದಳು.

“ಬಾಯಾರ, ನಾ ಬರೋಬರ ಓದಿದ್ನೆಲ್ರಿ?”

ಅವಳು ತನ್ನ ಜನ್ಮದಲ್ಲಿ ಯಾರ ಸಹಾಯವೂ ಇಲ್ಲದೆ ಓದಿ, ಓದಿದಂತೆ ನಡೆದುಕೊಂಡ ಮೊದಲ ಕಾಗದ ಅದು. ಮೊದಲು ಅವಳು ಮಗುವಿನ ಮಟ್ಟಿಗಾದರೂ ನೀರು ಕುದಿಸುತ್ತಿದ್ದಳು. ನಾನೇ ವರ್ಗದಲ್ಲಿ ಹೇಳಿದ್ದೆ. ಕಾಗದ ಓದಿ ಕುದಿಸುವುದನ್ನು ಬಿಟ್ಟಳು.

ನಾನು ಉತ್ತರ ಕೊಡುವ ಮೊದಲೇ ಸಂಗವ್ವ ಶುರು ಮಾಡಿದಳು. ಸುತ್ತ ಚಾಳಿನ ಮಂದಿ ನೆರೆದಿದ್ದರು. “ಕೇಳ್ರಿ ಎಲ್ಲಾರೂ! ಓದಾಕ ಬರತೈತಂತ ಓಣಿಗೆಲ್ಲಾ ಓದಿ ಹೇಳಿದ್ಳು. ತನ್ನ ಕೂಸಿಗೂ ಹಸಿ ನೀರು ಕುಡಿಸಿದ್ಳು. ಈಗ ಪದ್ಮವ್ವ ಬಂದು ಹೇಳ್ತಾಳ, ಉಲ್ಟಾ ಓದ್ಯಾಳಂತ! ಇಕಿ ಪಾಟಿ ಒಲ್ಯಾಗ ಹಾಕ್ತೇನಿ ಇವತ್ತ!”

ಯಾರೋ “ನಮಗೂ ಅಕಿನಽ ಹೇಳಿದ್ದು” ಎಂದರು. ಇನ್ನೊಬ್ಬರು “ನಮ್ಮ ಮನ್ಯಾಗೂ ಇಬ್ಬರು ಮಲಗ್ಯಾರ” ಎಂದರು. ಕಾಶವ್ವ ಗೋಡೆಗೆ ಒರಗಿ ಕೂತಳು. ಎಲ್ಲರ ಕಣ್ಣೂ ಅವಳ ಮೇಲೆ.

ಗದ್ದಲ ಕೇಳಿ ಆರೋಗ್ಯ ಖಾತೆಯ ಅಧಿಕಾರಿ ಒಳಗಿನಿಂದ ಬಂದರು. ಮರಾಠಿಯವರು. ಕರಪತ್ರ ಇಸಿದುಕೊಂಡು, ಏನು ಬರೆದಿದೆ ಎಂದು ಇನಾಮದಾರ ಸಾಹೇಬರನ್ನು ಕೇಳಿದರು. ಸಾಹೇಬರು ಮರಾಠಿಯಲ್ಲಿ ಅರ್ಥ ಹೇಳಿದರು. ಅಧಿಕಾರಿಗೆ ನಿರಾಳವಾಯಿತು.

“ಮಗ ಪತ್ರಕ ಬರೋಬರ ಆಹೇ ಕೀ! ವಾಚಣಾರೀಚೀ ಚೂಕ.”

ಕರಪತ್ರ ಸರಿಯಿದೆ, ತಪ್ಪು ಓದಿದವಳದು ಎಂದು. ಮರಾಠಿ ಎಲ್ಲರಿಗೂ ತಿಳಿಯುತ್ತಿತ್ತು. ಕಾಶವ್ವನಿಗೂ.

ಸಾಹೇಬರು ತಲೆ ಅಲ್ಲಾಡಿಸಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕಚೇರಿ ಉಳಿಯುತ್ತಿತ್ತು, ಮೇಜು ಉಳಿಯುತ್ತಿದ್ದವು. ಆ ಅಧಿಕಾರಿ ತಮಗೆ ಗೊತ್ತಿಲ್ಲದೆಯೇ ನಮಗೆ ಬಾಗಿಲು ತೆರೆದು ಕೊಟ್ಟಿದ್ದರು. ನಾನು ಸಾಹೇಬರ ಕೈ ನೋಡಿದೆ. ಅದು ಕೋಟಿನ ಜೇಬಿನೊಳಗೆ ಹೋಗಿತ್ತು. ಏನಾದರೂ ಹೇಳಲು ಹೆದರಿದೆ, ಹೇಳದಿರಲೂ ಹೆದರಿದೆ.

ಸಾಹೇಬರು ಜೇಬಿನಿಂದ ಕೈ ತೆಗೆದರು. ಖಾಲಿ ಕೈ.

“ಪತ್ರಕ ಮೀ ಲಿಹಿಲಂ” ಎಂದರು. “ಚೂಕ ಮಾಝೀ.” ಆಮೇಲೆ ಚಾಳಿನವರ ಕಡೆ ತಿರುಗಿದರು. “ಕಾಗದ ಬರದವ ನಾನು. ನಿಮ್ಮ ಸಲುವಾಗಿ ಬರದೆ. ನಿಮಗ ಉಲ್ಟಾ ತಿಳೀತು ಅಂದ್ರ ಕಾಗದ ತಪ್ಪದ. ಈ ಹೆಣ್ಣಮಗಳ ತಪ್ಪಿಲ್ಲ. ಪ್ಯಾಟ್ಯಾಗ ನಾನಽ ಓದಿಸಿ ನೋಡೇನಿ. ಗಂಡಸರೂ ಹಿಂಗಽ ಓದಿದ್ರು. ನೀರು ಕುದಿಸಽ ಕುಡೀಬೇಕು. ಗ್ವಾಡಿ ಮ್ಯಾಲಿನ ಕಾಗದ ಎಲ್ಲಾ ಕಿತ್ತು ಒಗೀರಿ.”

ಅಧಿಕಾರಿ ಬೆರಗಾಗಿ ನೋಡಿದರು, ಭುಜ ಹಾರಿಸಿ ಒಳಗೆ ಹೋದರು. ಮಂದಿ ಕರಗಿದರು. ಸಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸೊಸೆಗೆ “ಏಳ, ಮಾರಿ ತೊಳಕೊಂಡು ಬಾ. ಕೂಸಿನ ಹಂತೇಕ ನಾ ಕೂಡ್ತೇನಿ” ಎಂದಳು.

ಮುಂದಿನ ಎರಡು ದಿನ ನಾನು, ಸಾಹೇಬರು, ಪದ್ಮವ್ವ, ವರ್ಗದ ಹೆಂಗಸರು ಓಣಿ ಓಣಿ ತಿರುಗಿ ಕಾಗದ ಕಿತ್ತೆವು. ಯಡ್ರಾವಕ್ಕೂ ಹೋಗಿ ಬಂದೆವು. ಕಿತ್ತಷ್ಟೂ ಇನ್ನೊಂದು ಗೋಡೆಯ ಮೇಲೆ ಕಾಣುತ್ತಿತ್ತು. ಕಾಶವ್ವನ ಮಗು ಕಣ್ಣು ಬಿಟ್ಟು ಅತ್ತಿತು, ಹಾಲು ಕುಡಿಯಿತು, ಉಳಿಯಿತು. ಹಿಂದಿನ ಓಣಿಯ ಒಬ್ಬ ಮುದುಕ ಉಳಿಯಲಿಲ್ಲ. ಅವನ ಮನೆಯ ಎದುರು ಗೋಡೆಯ ಮೇಲೆ ನಮ್ಮ ಕಾಗದ ಇತ್ತು. ಅವನಿಗೆ ಓದು ಬರುತ್ತಿತ್ತೇ, ಯಾರಾದರೂ ಓದಿ ಹೇಳಿದ್ದರೇ, ಬೇನೆ ಅದಕ್ಕೂ ಮೊದಲೇ ಹತ್ತಿತ್ತೇ, ಯಾರೂ ಹೇಳಲಾರದಾದರು. ಅವನ ಮಗನನ್ನು ಕೇಳಲು ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಇಂದಿಗೂ ಗೊತ್ತಿಲ್ಲ.

ಕೊಲ್ಹಾಪುರದಲ್ಲಿ ಮೇಲಿನ ಸಾಹೇಬರು ಇನಾಮದಾರ ಸಾಹೇಬರನ್ನು ಕರೆಸಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಒಳಗಿನಿಂದ ದೊಡ್ಡ ದನಿ ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ನಿಂತ ಮೇಲೆಯೇ ನನಗೆ ಹೆಚ್ಚು ದಿಗಿಲಾಯಿತು. ಹೊರಗೆ ಬಂದ ಸಾಹೇಬರು ನೇರವಾಗಿ ನಮ್ಮ ಮೂಲೆಗೆ ನಡೆದು ತಮ್ಮ ಮೇಜಿನ ಮೇಲೆ ಎರಡೂ ಕೈ ಊರಿ ನಿಂತರು.

“ಸದ್ಯಕ್ಕ ಉಳದಾವ” ಎಂದರು. “ಮ್ಯಾಲಿನವರು ಒಂದು ಮಾತು ಕೇಳಿದ್ರು. ಮರಾಠೀ ಕಾಗದ ಯಾರರೆ ಓದಿಸಿ ನೋಡ್ಯಾರೇನು ಅಂತ. ಯಾರೂ ನೋಡಿಲ್ಲ. ಅವರಿಗೂ ಈಗ ನಿದ್ದಿ ಬರೂದಿಲ್ಲ.”

ಅಂದಿನಿಂದ ಯಾವ ಭಾಷೆಯ ಕಾಗದವಾಗಲಿ, ಹೊರಗಿನವರಿಗೆ ಓದಿಸಿ, ಏನು ಮಾಡುತ್ತೀರಿ ಎಂದು ಕೇಳದೆ ಪ್ರೆಸ್ಸಿಗೆ ಹೋಗಕೂಡದು ಎಂದಾಯಿತು. ಪ್ರೂಫಿನಲ್ಲಿ ಒಂದಕ್ಷರ ಬದಲಾದರೂ ಮತ್ತೊಮ್ಮೆ ಓದಿಸಬೇಕು. ಅಕ್ಷರ ಎಣಿಸುವುದನ್ನೂ ಬಿಡಲಿಲ್ಲ, ಆದರೆ ಅದರ ಮೇಲೆ ಯಾರೂ ಆಣೆ ಇಡುತ್ತಿರಲಿಲ್ಲ. ಮುಂದೆ ನಡುನಡುವೆ ಪದ ತೆಗೆದು ಆ ಖಾಲಿ ಜಾಗವನ್ನು ಓದುವವರಿಂದ ತುಂಬಿಸುವ ಪರೀಕ್ಷೆ ಬಂತು, ಇನ್ನೂ ಏನೇನೋ ಬಂದವು. ಸಾಹೇಬರಿಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು.

ಆ ಮಳೆಗಾಲದಲ್ಲೇ ಹೊಸ ಕರಪತ್ರದ ಪ್ರೂಫ್ ಹಿಡಿದು ಸಾಹೇಬರೂ ನಾನೂ ಆ ಚಾಳಿಗೆ ಹೋದೆವು. ‘ನೀರು ಕುದಿಸಿರಿ. ಆರಿಸಿರಿ. ಮುಚ್ಚಿ ಇಡಿರಿ. ಅದನ್ನೇ ಕುಡಿಯಿರಿ.’ ಬೇಡ ಎಂಬ ಮಾತೇ ಇರಲಿಲ್ಲ. ಕಾಶವ್ವ ಕಾಂಡಿ ಸುತ್ತುತ್ತಿದ್ದಳು. ದವಾಖಾನೆಯ ಆ ದಿನದಿಂದ ಅವಳು ಪಾಟಿ ಮುಟ್ಟಿರಲಿಲ್ಲ. ಪ್ರೂಫ್ ಮುಂದೆ ಹಿಡಿದರೆ ಹಿಂದೆ ಸರಿದಳು.

“ಬ್ಯಾಡ್ರಿ ಬಾಯಾರ. ಅಕ್ಷರ ಕಂಡ್ರ ಎದಿ ಡವಡವ ಅಂತೈತಿ. ಬ್ಯಾರೆದವರ ಕಡೆ ಓದಸ್ರಿ.”

“ನಂದೂ ಅನ್ನತದವಾ” ಎಂದರು ಸಾಹೇಬರು.

ಬಾಗಿಲಲ್ಲಿ ಕೂತಿದ್ದ ಸಂಗವ್ವ ಮೊಮ್ಮಗಳನ್ನು ಮಡಿಲಲ್ಲಿ ಸರಿಯಾಗಿ ಕೂರಿಸಿಕೊಂಡು ಗದರಿದಳು: “ಓದ, ಓದ. ನೀ ಓದಲಿಲ್ಲಂದ್ರ ಇವರು ಮತ್ತೇನರ ಬರದು ಹಚ್ಚಿ ಹೋಗ್ತಾರ!”

ಕಾಶವ್ವ ಸೆರಗಿಗೆ ಕೈ ಒರೆಸಿಕೊಂಡು ಪ್ರೂಫ್ ತೆಗೆದುಕೊಂಡಳು. ಮೊದಲು ತುಟಿಯಲ್ಲೇ ಓದಿದಳು. ಮತ್ತೊಮ್ಮೆ ಬೆರಳಿಟ್ಟು ಓದಿದಳು. ಮೂರನೆಯ ಸಲ ಗಟ್ಟಿಯಾಗಿ, ತಪ್ಪಿಲ್ಲದೆ ಓದಿದಳು. ಏನು ಮಾಡುತ್ತೀಯ ಎಂದು ನಾನು ಕೇಳುವ ಮೊದಲೇ ಸಾಹೇಬರ ಕಡೆ ನೋಡಿದಳು.

“ಕುದಿಸಿರಿ ಅಂತ ಬರದೀರಿ. ಎಲ್ಲೀತನಕ ಕುದಸೂದು ಅಂತ ಬರದಿಲ್ರಿ. ಬೆಚ್ಚಗಾದ ಕೂಡ್ಲೆ ಇಳಿಸಿದ್ರ?”

ಸಾಹೇಬರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಕೊಲ್ಹಾಪುರದಲ್ಲಿ ಪ್ರೆಸ್ಸಿನವರು ಮಷಿನ್ ಸಿದ್ಧ ಮಾಡಿಕೊಂಡು ನಮಗಾಗಿ ಕಾಯುತ್ತಿದ್ದರು. ಸಾಹೇಬರು ಅಲ್ಲೇ ಹೊಸ್ತಿಲ ಮೇಲೆ ಕೂತು, ಪ್ರೂಫನ್ನು ತೊಡೆಯ ಮೇಲೆ ಹರಡಿ, ಪೆನ್ನಿನ ಟೊಪ್ಪಿಗೆ ತೆಗೆದರು.

“ಹೇಳವಾ. ನೀ ಹೇಳೂದಾದ್ರ ಹೆಂಗ ಹೇಳ್ತಿ?”

ಕಾಶವ್ವ ಸ್ವಲ್ಪ ಯೋಚಿಸಿದಳು. “ಕೊತಕೊತ ಅನ್ನೂತನಕ” ಎಂದಳು.

ಸಾಹೇಬರು ಹಾಗೆಯೇ ಬರೆದುಕೊಂಡರು.